5 ಕಿ.ಮೀ.ಗೆ 36 ನಿಮಿಷ ಬೇಕು, ಆಸೆ ಮಾತ್ರ ಬೋಸ್ಟನ್ ಮ್ಯಾರಥಾನ್. ಅತಿಯಾಯಿತಾ?

ಗಿರಿತಪ್ಪಲು, ಚಿಕ್ಕಮಗಳೂರು

ನಮಸ್ಕಾರ ಎಲ್ಲರಿಗೂ. ವಯಸ್ಸು 36, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ತೂಕ ಇಳಿಸೋಣ ಅಂತ ಹೋದ ವರ್ಷ ಜಿಲ್ಲಾ ಆಟದ ಮೈದಾನದಲ್ಲಿ ನಡೆಯಲು ಶುರು ಮಾಡಿದೆ, ನಡಿಗೆ ಯಾವಾಗ ಓಟವಾಯಿತೋ ಗೊತ್ತಾಗಲಿಲ್ಲ. ಈಗ 5 ಕಿ.ಮೀ. ನಿಲ್ಲದೆ ಓಡುತ್ತೇನೆ. 36 ನಿಮಿಷ ಬೇಕು. ಕೊನೆಯ ಸುತ್ತಿಗೆ ಜೀವ ಬಾಯಿಗೆ ಬಂದಿರುತ್ತದೆ.

ವಿಷಯಕ್ಕೆ ಬರುತ್ತೇನೆ, ನಗಬೇಡಿ. ನನಗೆ ಅಮೆರಿಕದ ಬೋಸ್ಟನ್ ಮ್ಯಾರಥಾನ್ ಓಡಬೇಕು. ಚಾರಿಟಿಗೆ ದುಡ್ಡು ಸೇರಿಸಿ ಜಾಗ ಪಡೆಯುವುದಲ್ಲ, ಬೇರೆ ಮ್ಯಾರಥಾನಿನಲ್ಲಿ ಅವರು ಕೇಳುವ ಟೈಮ್ ತೆಗೆದೇ ಹೋಗಬೇಕು. 35ರಿಂದ 39ರ ಹೆಂಗಸರಿಗೆ 3 ಗಂಟೆ 30 ನಿಮಿಷ. ಅಂದರೆ ಒಂದೊಂದು ಕಿಲೋಮೀಟರನ್ನೂ 5 ನಿಮಿಷದೊಳಗೆ ಮುಗಿಸಬೇಕು, 42 ಕಿಲೋಮೀಟರ್ ಪೂರ್ತಿ. ನನಗೆ 7 ನಿಮಿಷ ದಾಟುತ್ತದೆ, ಅದೂ ಬರೀ ಐದಕ್ಕೆ. ಯಜಮಾನರಿಗೆ ಹೇಳಿದರೆ "ಮೊದಲು ಮೂಡಿಗೆರೆವರೆಗೆ ಓಡು, ವಾಪಸ್ ಬರಲು ಬಸ್ ಚಾರ್ಜ್ ನಾನು ಕೊಡುತ್ತೇನೆ" ಅಂದರು.

ಅಕ್ಟೋಬರಿಗೆ ಬೆಂಗಳೂರಿನಲ್ಲಿ ಫುಲ್ ಮ್ಯಾರಥಾನಿಗೆ ಹೆಸರು ಕೊಟ್ಟುಬಿಡಲಾ? ದುಡ್ಡು ಕಟ್ಟಿದ ಭಯಕ್ಕಾದರೂ ಓಡುತ್ತೇನೆ ಅನ್ನಿಸುತ್ತದೆ. ಅಥವಾ ಈಗಲೇ ಇಂಥ ಗುರಿ ಇಟ್ಟುಕೊಳ್ಳುವುದೇ ಅತಿಯಾಯಿತಾ?

ಸಾಲಗಾಮೆ ರೋಡ್, ಹಾಸನ

ಮೇಡಂ, ಬೋಸ್ಟನ್ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಅಕ್ಟೋಬರ್ ಫುಲ್ ಮಾತ್ರ ಬೇಡವೇ ಬೇಡ.

ಗಣಿತದ ಮೇಡಂ ಆಗಿಯೂ ಒಂದು ಲೆಕ್ಕ ಬಿಟ್ಟಿದ್ದೀರಿ. ಅವರು ನೋಡುವುದು ನೀವು ಟೈಮ್ ತೆಗೆದ ದಿನದ ವಯಸ್ಸಲ್ಲ, ಬೋಸ್ಟನ್ ಓಟದ ದಿನದ ವಯಸ್ಸು. 40 ತುಂಬಿದ ಹೆಂಗಸರಿಗೆ 3:35, 45 ತುಂಬಿದರೆ 3:45. ಐದಾರು ವರ್ಷ ತಗೊಂಡರೆ ಐದು ನಿಮಿಷ ಪುಕ್ಕಟೆ! ಹಾಗಂತ 3:35 ಓಡಿದರೆ ಸೀಟು ಗ್ಯಾರಂಟಿ ಅಂದುಕೊಳ್ಳಬೇಡಿ, ಅರ್ಜಿ ಜಾಸ್ತಿ ಬಂದರೆ ಹೆಚ್ಚು ವೇಗವಾಗಿ ಓಡಿದವರಿಂದ ತುಂಬಿಸಿಕೊಂಡು ಬರುತ್ತಾರೆ. 2025ರ ಓಟಕ್ಕೆ ಮಿತಿಗಿಂತ 6 ನಿಮಿಷ 51 ಸೆಕೆಂಡ್ ಬೇಗ ಮುಗಿಸಿದವರಿಗೆ ಮಾತ್ರ ಜಾಗ ಸಿಕ್ಕಿತು. 2026ಕ್ಕೆ ಮಿತಿಯನ್ನೇ 5 ನಿಮಿಷ ಬಿಗಿ ಮಾಡಿದರು, ಆದರೂ ಆ ಹೊಸ ಮಿತಿಗಿಂತ 4 ನಿಮಿಷ 34 ಸೆಕೆಂಡ್ ಬೇಗ ಮುಗಿಸಬೇಕಾಯಿತು. ಹಾಗಾಗಿ ಮನಸ್ಸಿನಲ್ಲಿ 3:28 ಬರೆದಿಟ್ಟುಕೊಳ್ಳಿ.

3:28 ಓಡುವವರು ಸಾಮಾನ್ಯವಾಗಿ 5 ಕಿ.ಮೀ.ಯನ್ನು 22 ನಿಮಿಷದೊಳಗೆ, ಹಾಫನ್ನು (21 ಕಿ.ಮೀ.) 1:40ರ ಆಸುಪಾಸಿನಲ್ಲಿ ಮುಗಿಸುವ ಶಕ್ತಿ ಇಟ್ಟುಕೊಂಡಿರುತ್ತಾರೆ. ನಿಮ್ಮ 36 ನಿಮಿಷ ಅಲ್ಲಿಗೆ ಇಳಿಯಬೇಕು. ಇಳಿಯುತ್ತದೆ, ಆದರೆ ವರ್ಷಗಳ ಕೆಲಸ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತುಂಬಾ ಸಮಯ ಬೇಕು. ಹೊಸಬರು ಕೆಡುವುದು ಈ ವ್ಯತ್ಯಾಸದಲ್ಲೇ. ಓಡಬಲ್ಲೆ ಅನ್ನಿಸುತ್ತದೆ, ಓಡುತ್ತಾರೆ, ಆಮೇಲೆ ಕಣಕಾಲಿನ ಮುಂದಿನ ಮೂಳೆ ಮುಟ್ಟಿದರೂ ನೋವು.

ಇನ್ನೊಂದು. ಕೊನೆಯ ಸುತ್ತಿಗೆ ಜೀವ ಬಾಯಿಗೆ ಬರುತ್ತದೆ ಅಂದಿರಿ. ದಿನಾ ಹಾಗೆಯೇನಾ? ಹಾಗಿದ್ದರೆ ನೀವು ಓದದೆ ದಿನಾ ಪರೀಕ್ಷೆ ಬರೆಯುತ್ತಿದ್ದೀರಿ. ವಾರದಲ್ಲಿ ಮೂರು ದಿನ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಿಕೊಂಡು ಓಡುವಷ್ಟು ನಿಧಾನ ಮಾಡಿ, ಕಿಲೋಮೀಟರಿಗೆ 8 ನಿಮಿಷ ದಾಟಿದರೂ ನಾಚಿಕೆ ಬೇಡ. ಒಂದು ದಿನ ಮಾತ್ರ ಜೋರು. ಮೊದಲು 10, ಆಮೇಲೆ ಹಾಫ್, ಫುಲ್ ಮೂರನೇ ವರ್ಷಕ್ಕೆ. ಟೈಮ್ ತೆಗೆಯಲು ಫೆಬ್ರವರಿಯ ದೆಹಲಿ ಒಳ್ಳೆಯದು, ಚಳಿ ಇರುತ್ತದೆ, ರಸ್ತೆ ಸಪಾಟು. ಮುಳ್ಳಯ್ಯನಗಿರಿಯಿಂದ ಇಳಿದುಕೊಂಡು ಟೈಮ್ ತೆಗೆಯೋಣ ಅನ್ನುವ ಐಡಿಯಾ ಇದ್ದರೆ ಬಿಟ್ಟುಬಿಡಿ, 457 ಮೀಟರಿಗಿಂತ ಜಾಸ್ತಿ ಇಳಿಯುವ ಮಾರ್ಗದ ಟೈಮಿಗೆ 2027ರ ಓಟದಿಂದ ಕನಿಷ್ಠ 5 ನಿಮಿಷ ಸೇರಿಸಿ ಲೆಕ್ಕ ಹಾಕುತ್ತಾರೆ.

ತೋಟದ ದಾರಿ, ಆಲ್ದೂರು

ಬೇಜಾರು ಮಾಡಿಕೊಳ್ಳಬೇಡಿ ಅಕ್ಕ, ಬೋಸ್ಟನ್ನೇ ಯಾಕೆ? ವೀಸಾ, ವಿಮಾನ, ರೂಮು ಅಂತ ಎಷ್ಟು ಲಕ್ಷ ಆಗುತ್ತದೋ. ನಮ್ಮ ಜಿಲ್ಲೆಯ ಕಾಫಿ ತೋಟಗಳಲ್ಲೇ ಮಲ್ನಾಡ್ ಅಲ್ಟ್ರಾ (ಮ್ಯಾರಥಾನಿಗಿಂತ ಉದ್ದದ ಓಟ) ನಡೆಯುತ್ತದೆ, ಹೊರಗಿನವರೆಲ್ಲ ಬಂದು ಓಡಿ ಹೋಗುತ್ತಾರೆ, ನಮ್ಮವರು ಗೇಟಿನ ಹತ್ತಿರ ನಿಂತು ನೋಡುತ್ತಾರೆ. 50 ಕಿ.ಮೀ. ಅಲ್ಲಿ ಓಡಿ. ಮುಗಿಸಿದ್ದೇ ದೊಡ್ಡದು, ಎಷ್ಟು ಹೊತ್ತು ತಗೊಂಡಿರಿ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಹುಟ್ಟಿದ ಕಾಲಿಗೆ ಏರು ಗೊತ್ತು, ಅದನ್ನು ತಗೊಂಡು ಹೋಗಿ ಡಾಂಬರಿನ ಮೇಲೆ ಸೆಕೆಂಡ್ ಎಣಿಸುವುದು ಯಾಕೋ ಸರಿ ಕಾಣಲ್ಲ.

ಆಮೇಲೆ ಈ ಕಡೆ ಓಡಲು ಬಂದರೆ ಬೆಳಕು ಹರಿಯುವ ಮುಂಚೆ ಬೇಡ. ಆನೆ ಎಲ್ಲಿದೆ ಅಂತ ವಾಟ್ಸಾಪ್ ಗುಂಪು ನೋಡದೆ ನಾವು ಬೈಕನ್ನೂ ಹೊರಗೆ ತೆಗೆಯುವುದಿಲ್ಲ.

ರಾಗಿಮುದ್ದೆ ರನ್ನರ್, ಹಾಸನ

ಮೇಲಿನ ಇಬ್ಬರೂ ಗಂಡಸರು, ಅದಕ್ಕೇ ಒಂದು ವಿಷಯ ಬಿಟ್ಟಿದ್ದಾರೆ. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸುವುದು) ಪರೀಕ್ಷೆ ಮಾಡಿಸಿಕೊಳ್ಳಿ. ಕಬ್ಬಿಣಾಂಶ ಕಡಿಮೆ ಇದ್ದರೆ ಎಷ್ಟು ಓಡಿದರೂ ಕಾಲು ಎಳೆಯುತ್ತದೆ, ನಮ್ಮಲ್ಲಿ ಹೆಂಗಸರು ಅದನ್ನು ವಯಸ್ಸು ಅಂದುಕೊಂಡು ಸುಮ್ನೆ ಇರುತ್ತಾರೆ. ಚಿಕ್ಕಮಗಳೂರಿನವರಿಗೆ ಹೇಳಬಾರದು, ಆದರೂ ಹೇಳುತ್ತೇನೆ: ತಿಂಡಿ ಜೊತೆಗೆ ಕಾಫಿ ಬೇಡ. ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದ ಹಾಗೆ ಕಾಫಿ, ಟೀ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಮಳೆಗಾಲದಲ್ಲಿ ಓಟ ನಿಲ್ಲಿಸಬೇಡಿ, ಜೂನ್‌ನಿಂದ ನಾಲ್ಕು ತಿಂಗಳು ಬಿಟ್ಟರೆ ಮತ್ತೆ ಮೊದಲಿಂದ ಶುರು. ಶೂ ಒಣಗುವುದೇ ದೊಡ್ಡ ತಲೆನೋವು. ಬಂದ ತಕ್ಷಣ ಲೇಸ್ ಪೂರ್ತಿ ಸಡಿಲ ಮಾಡಿ, ಒಳಗಿನ ಅಟ್ಟೆ ಹೊರಗೆ ತೆಗೆದು ನಿಲ್ಲಿಸಿ, ಬೆರಳಿನ ತುದಿಯವರೆಗೂ ಹಳೇ ಪೇಪರ್ ತುರುಕಿ. ಅರ್ಧ ಗಂಟೆಗೆ ಪೇಪರ್ ಮುದ್ದೆಯಾಗಿರುತ್ತದೆ, ಅದನ್ನು ತೆಗೆದು ಹೊಸದು ಹಾಕಿ, ರಾತ್ರಿ ಇನ್ನೊಂದು ಸಲ. ಬೆಳಿಗ್ಗೆಗೆ ಕಾಲು ಹಾಕುವ ಹಾಗಿರುತ್ತದೆ. ಬಚ್ಚಲ ಒಲೆ ಮುಂದೆ ಮಾತ್ರ ಇಡಬೇಡಿ, ಅಂಟು ಬಿಟ್ಟು ತಳ ಬಾಯಿ ತೆರೆಯುತ್ತದೆ.

ನಾನು ಟೈಮ್ ತೆಗೆದವಳಲ್ಲ, ಮುಂಬೈನಲ್ಲಿ 4 ಗಂಟೆ ದಾಟಿದವಳು. ಜನವರಿ ಅಂತ ನಂಬಿ ಹೋದೆ, ಆ ಸೆಕೆ ನಮ್ಮ ಮೈಗೆ ಹೊಸದು, ಪೆಡ್ಡರ್ ರೋಡ್ ಏರು ಬೇರೆ. ಆದರೂ ಹೇಳುತ್ತೇನೆ, ಗುರಿಯನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಬರಬೇಡಿ. "ಎಲ್ಲಿಗೆ ಬಂತು ಬೋಸ್ಟನ್?" ಅಂತ ಮದುವೆ ಮನೆಯಲ್ಲೂ ಕೇಳುತ್ತಾರೆ.

ಗಿರಿತಪ್ಪಲು, ಚಿಕ್ಕಮಗಳೂರು

ಎಲ್ಲರಿಗೂ ಥ್ಯಾಂಕ್ಸ್. ಸಾಲಗಾಮೆ ಸರ್, ವಯಸ್ಸಿನ ಲೆಕ್ಕ ನಿಜಕ್ಕೂ ಹೊಳೆದಿರಲಿಲ್ಲ. ಅಕ್ಟೋಬರ್ ಫುಲ್ ಕೈಬಿಟ್ಟೆ, ಬೇಸಿಗೆಯಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಓಡುತ್ತೇನೆ. ಇವತ್ತು ನಿಧಾನ ಓಡಿ ನೋಡಿದೆ, ವಾಕಿಂಗಿನವರೊಬ್ಬರು ಹಿಂದಿನಿಂದ ಬಂದು ಮುಂದೆ ಹೋದರು, ಸಂಕಟವಾಯಿತು. ಆದರೆ ಕೊನೆಯ ಸುತ್ತಿನಲ್ಲಿ ಮಾತಾಡಲು ಉಸಿರಿತ್ತು.

ಆಲ್ದೂರಿನ ತಮ್ಮ, ಅಲ್ಟ್ರಾದಲ್ಲಿ ಟೈಮ್ ಕೇಳುವವರಿಲ್ಲ ಅಂದೆಯಲ್ಲ, ನನಗೆ ಬೇಕಾಗಿರುವುದೇ ಕೇಳುವವರು. ಕಾಸು ಕೂಡಿಸಲು ಆರು ವರ್ಷ ಇದೆ, ಒಂದು ಚೀಟಿ ಹಾಕಿದರಾಯಿತು. ಕಾಫಿ ವಿಷಯ ಮಾತ್ರ ಯೋಚನೆ ಮಾಡಬೇಕು.

ಲಾಂಗ್ ರನ್‌ಗೆ ಹಿರೇಕೊಳಲೆ ಕೆರೆ ರಸ್ತೆ ಹೇಗೆ, ಭಾನುವಾರ ಬೆಳಿಗ್ಗೆ?

ತೋಟದ ದಾರಿ, ಆಲ್ದೂರು

ರಸ್ತೆ ಚೆನ್ನಾಗಿದೆ ಅಕ್ಕ, ಭಾನುವಾರ ಬೇಡ. ಟೂರಿಸ್ಟ್ ಗಾಡಿಗಳು ತಿರುವಿನಲ್ಲಿ ಹಾರ್ನ್ ಕೂಡ ಮಾಡದೆ ನುಗ್ಗುತ್ತವೆ. ವಾರದ ಮಧ್ಯೆ ರಜೆ ಇದ್ದ ದಿನ ಹೋಗಿ, ಗಾಡಿಗೆ ಎದುರಾಗಿ ರಸ್ತೆ ಬಲಕ್ಕೆ ಓಡಿ. ನಾಯಿ ಬಂದರೆ ಓಡಬೇಡಿ, ನಿಂತು ಕಲ್ಲು ತೆಗೆಯುವ ಹಾಗೆ ಬಗ್ಗಿ, ಸಾಕು.