ನಕಲಿ ಸೈಟ್: ರಿಜಿಸ್ಟ್ರಿಗೆ ಬರೆದವರು ಯಾರಾದರೂ ಇದ್ದೀರಾ?

ಕೇಳಿದವರು: ನಮ್ಮ ಸೈಟಿನ ಹೆಸರಲ್ಲಿ ಒಂದಕ್ಷರ ಬದಲಿಸಿ ಯಾರೋ ಡೊಮೈನ್ ಕೊಂಡಿದ್ದಾರೆ. ನಮ್ಮದೇ ಲಾಗಿನ್ ಪುಟ ಹಾಕಿ ಪಾಸ್‌ವರ್ಡ್ ಕದಿಯುತ್ತಿದ್ದಾರೆ. ಹೋಸ್ಟಿಂಗ್‌ನವರಿಗೆ ಬರೆದು ಮೂರು ದಿನವಾಯ್ತು, ಸುದ್ದಿಯಿಲ್ಲ. ನೇರ ರಿಜಿಸ್ಟ್ರಿಗೇ (.com ಥರದ ಕೊನೆಯ ಭಾಗವನ್ನು ನಡೆಸುವ ಸಂಸ್ಥೆಗೆ) ಬರೆಯಬಹುದಾ? ಅನುಭವ ಇದ್ದವರು ಹೇಳಿ.

ನೀಲಿಶಾಯಿ: ನನಗೆ 19 ದಿನ ಹಿಡಿಯಿತು. ಮೊದಲ ದೂರಿನಲ್ಲಿ 'ಇದು ಮೋಸದ ಸೈಟ್, ತೆಗೆಯಿರಿ' ಅಂತ ಎರಡು ಸಾಲು ಬರೆದೆ. ರಿಜಿಸ್ಟ್ರಾರ್ (ಡೊಮೈನ್ ಮಾರುವ ಕಂಪನಿ) ಕಡೆಯಿಂದ ಟಿಕೆಟ್ ನಂಬರ್ ಬಂತು, ಅಷ್ಟೇ. ಎರಡನೇ ಸಲ ಸ್ಕ್ರೀನ್‌ಶಾಟ್ ಕಳಿಸಿದೆ. 'ನಮಗೆ ಖಾಲಿ ಪುಟ ಕಾಣುತ್ತಿದೆ' ಅಂದರು. ಆ ಕಳ್ಳರು ಪುಟವನ್ನು ಮೊಬೈಲಿಗೆ ಮಾತ್ರ ತೋರಿಸುತ್ತಿದ್ದರು! ಅದು ಗೊತ್ತಾಗಲು ಎಂಟು ದಿನ ಬೇಕಾಯಿತು. ಆಮೇಲೆ ಮೆಸೇಜಿನ ಲಿಂಕ್ ಒತ್ತುವುದರಿಂದ ಹಿಡಿದು ಪಾಸ್‌ವರ್ಡ್ ಕೇಳುವ ತನಕ ಫೋನಿನಲ್ಲೇ ವಿಡಿಯೊ ಮಾಡಿದೆ. ಪೂರ್ತಿ ವಿಳಾಸ, ತಾರೀಕು, ಗಂಟೆ ಎಲ್ಲ ಸೇರಿಸಿ ರಿಜಿಸ್ಟ್ರಿಗೇ ಕಳಿಸಿದೆ. ಮಾರನೇ ಬೆಳಿಗ್ಗೆ ಆರ್‌ಡಿಎಪಿಯಲ್ಲಿ (ಡೊಮೈನಿನ ನೋಂದಣಿ ವಿವರ ತೋರಿಸುವ ಸೇವೆ) ನೋಡಿದರೆ 'ಸರ್ವರ್ ಹೋಲ್ಡ್', ಅಂದರೆ ರಿಜಿಸ್ಟ್ರಿ ಡೊಮೈನನ್ನೇ ನಿಲ್ಲಿಸಿತ್ತು. ಆದರೂ ನನ್ನ ಫೋನಿನಲ್ಲಿ ಸೈಟ್ ತೆರೆಯುತ್ತಲೇ ಇತ್ತು. ಆ ಹೆಸರು ಯಾವ ಸರ್ವರಿನದು ಅಂತ ಹೇಳುವ ಹಳೇ ಡಿಎನ್‌ಎಸ್ ಉತ್ತರ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಉಳಿದಿತ್ತು. ಸಂಜೆ ಹೊತ್ತಿಗೆ ನಿಂತಿತು. ಅಷ್ಟರಲ್ಲಿ 41 ಗ್ರಾಹಕರು ಪಾಸ್‌ವರ್ಡ್ ಕೊಟ್ಟಾಗಿತ್ತು. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ.

ಅಂಚೆಪೆಟ್ಟಿಗೆ: ಹೋಲ್ಡ್ ಹಾಕಿಸಿಕೊಂಡವಳು ನಾನು. ನನ್ನ ಸೈಟಿನ ಹಳೇ ಪ್ಲಗಿನ್ ಮೂಲಕ ಯಾರೋ ನುಗ್ಗಿ ಒಂದು ಫೋಲ್ಡರಿನಲ್ಲಿ ಪಾಸ್‌ವರ್ಡ್ ಕದಿಯುವ ಫಿಶಿಂಗ್ ಪುಟ ಇಟ್ಟರು. ಇನ್ಯಾರೋ ರಿಜಿಸ್ಟ್ರಿಗೆ ದೂರು ಕೊಟ್ಟರು. ರಿಜಿಸ್ಟ್ರಿಗೆ ಒಂದು ಪುಟ ಮಾತ್ರ ತೆಗೆಯಲು ಬರಲ್ಲ. ಅವರ ಕೈಯಲ್ಲಿರುವುದು ಇಡೀ ಡೊಮೈನಿನ ಸ್ವಿಚ್. ಸೈಟ್ ಹೋಯ್ತು, ಮೇಲ್ ಕೂಡ ಹೋಯ್ತು. ಆರ್ಡರ್‌ಗಳೆಲ್ಲ ಬರುತ್ತಿದ್ದುದು ಆ ಮೇಲಿಗೇ. ಫೋಲ್ಡರ್ ಅಳಿಸಲು ಹತ್ತು ನಿಮಿಷ, ಹೋಲ್ಡ್ ತೆಗೆಸಲು ನಾಲ್ಕು ದಿನ. ಡೊಮೈನ್ ನನ್ನದೇ ಅಂತ ಖಾತ್ರಿ ಮಾಡಿಕೊಳ್ಳಲು ಅವರು ಮೇಲ್ ಕಳಿಸಿದ್ದು ಯಾವ ವಿಳಾಸಕ್ಕೆ? ಅದೇ ನಿಂತುಹೋದ ಡೊಮೈನಿಗೆ! ಎದ್ದುಬಿದ್ದು ರಿಜಿಸ್ಟ್ರಿಗೆ ಓಡುವವರು ಇದನ್ನೂ ಯೋಚಿಸಿ.

ನೀಲಿಶಾಯಿ: ನನ್ನ ಮೇಲೆ ಯಾಕೆ ಹಾಯುತ್ತೀರಿ? ನಾನು ದೂರು ಕೊಟ್ಟ ಡೊಮೈನ್ ನೋಂದಣಿಯಾಗಿ ಎರಡೇ ದಿನವಾಗಿತ್ತು. ಮೋಸಕ್ಕೆಂದೇ ಕೊಂಡಿದ್ದು. ಪ್ಲಗಿನ್ ಅಪ್‌ಡೇಟ್ ಮಾಡದೆ ಬಿಟ್ಟವರು ನೀವು.

ಅಂಚೆಪೆಟ್ಟಿಗೆ: ನಾಲ್ಕು ದಿನ ಕೆಲಸ ನಿಂತವರಿಗೆ ಹೇಳುವ ಮಾತಾ ಇದು?

ಮಣಿಸರ: ನಾನು ಯುಡಿಆರ್‌ಪಿ (ಡೊಮೈನ್ ಹೆಸರಿನ ಜಗಳ ತೀರ್ಮಾನಿಸುವ ವ್ಯವಸ್ಥೆ) ದಾರಿ ಹಿಡಿದೆ. ಅದನ್ನು ನಡೆಸಿಕೊಡುವ ವೈಪೊಗೆ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) 1500 ಡಾಲರ್ ಶುಲ್ಕ, ವಕೀಲರದ್ದು ಬೇರೆ. ಎರಡು ತಿಂಗಳ ಮೇಲೆ ಹಿಡಿಯಿತು. ಆದರೆ ಡೊಮೈನ್ ಈಗ ನನ್ನ ಹೆಸರಿನಲ್ಲಿದೆ, ವರ್ಷ ವರ್ಷ ರಿನ್ಯೂ ಮಾಡುತ್ತೇನೆ. ಹೋಲ್ಡ್ ಹಾಕಿಸಿ ಸುಮ್ಮನಾದರೆ, ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಮತ್ತೆ ಕೊಳ್ಳಬಹುದು, ಅಲ್ವಾ?

ರಾತ್ರಿಪಾಳಿ: ಯುಡಿಆರ್‌ಪಿ ಟ್ರೇಡ್‌ಮಾರ್ಕ್ ಜಗಳಕ್ಕೆ ಇರುವ ದಾರಿ. ಎರಡು ತಿಂಗಳಲ್ಲಿ ಕಳ್ಳರು ಇಪ್ಪತ್ತು ಹೆಸರು ಬದಲಿಸಿರುತ್ತಾರೆ. ನಾನು ಒಂದು ರಿಜಿಸ್ಟ್ರಾರ್ ಕಂಪನಿಯ ಅಬ್ಯೂಸ್ ಡೆಸ್ಕಿನಲ್ಲಿ (ದುರ್ಬಳಕೆ ದೂರು ನೋಡುವ ವಿಭಾಗ) ಆರು ವರ್ಷ ಕೂತವನು. ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಜಾಗತಿಕ ಸಂಸ್ಥೆ ಐಕ್ಯಾನ್, ರಿಜಿಸ್ಟ್ರಾರ್ ಮತ್ತು ರಿಜಿಸ್ಟ್ರಿಗಳ ಜೊತೆ ಮಾಡಿಕೊಳ್ಳುವ ಕರಾರು 2024ರ ಏಪ್ರಿಲ್ 5ರಿಂದ ಬಿಗಿಯಾಗಿದೆ. ಫಿಶಿಂಗ್, ಮಾಲ್‌ವೇರ್ (ಹಾನಿಕರ ತಂತ್ರಾಂಶ), ಬಾಟ್‌ನೆಟ್‌ಗೆ (ಕಳ್ಳರ ಹಿಡಿತಕ್ಕೆ ಸಿಕ್ಕ ಕಂಪ್ಯೂಟರ್‌ಗಳ ಜಾಲ) ಗಟ್ಟಿ ಸಾಕ್ಷಿ ಸಿಕ್ಕರೆ ರಿಜಿಸ್ಟ್ರಾರ್ ಸುಮ್ನೆ ಕೂರುವಂತಿಲ್ಲ. ರಿಜಿಸ್ಟ್ರಿಯೂ ಅಷ್ಟೇ, ತಾನೇ ನಿಲ್ಲಿಸಬೇಕು, ಇಲ್ಲವೇ ರಿಜಿಸ್ಟ್ರಾರ್‌ಗೆ ದಾಟಿಸಬೇಕು. .in ಥರದ ದೇಶಗಳ ಎರಡಕ್ಷರದ ಡೊಮೈನ್‌ಗಳು ಮಾತ್ರ ಈ ಕರಾರಿಗೆ ಸೇರಿಲ್ಲ, ಅವರವರ ನಿಯಮ ಬೇರೆ.

ಮಣಿಸರ: ಎಷ್ಟು ಗಂಟೆಯೊಳಗೆ ಅಂತ ಬರೆದಿದೆಯಾ? ಇಲ್ಲ. 'ತಡಮಾಡದೆ' ಅಂತಿದೆ, ಅಷ್ಟೇ. ಆ ಮಾತು ನಂಬಿಯೇ ಮೊದಲ ಮೂರು ವಾರ ಕಳೆದುಕೊಂಡೆ.

ರಾತ್ರಿಪಾಳಿ: ಒಂದು ಪಾಳಿಗೆ 300 ದೂರು ಬರುತ್ತಿತ್ತು. ಎಷ್ಟೋ ದೂರುಗಳಲ್ಲಿ ಪೂರ್ತಿ ವಿಳಾಸವೇ ಇರುತ್ತಿರಲಿಲ್ಲ. ಗಂಟೆ ಲೆಕ್ಕ ಹಾಕುವ ಮೊದಲು ಅದನ್ನೂ ನೋಡಿ.

ನೀಲಿಶಾಯಿ: 'ಖಾಲಿ ಪುಟ' ಅಂದವರೂ ನಿಮ್ಮಂಥವರೇ. ಒಂದೇ ಒಂದು ಸಲ ಮೊಬೈಲಿನಲ್ಲಿ ತೆರೆದು ನೋಡಿದ್ದರೆ ನನ್ನ 41 ಜನರಲ್ಲಿ ಅರ್ಧ ಜನ ಉಳಿಯುತ್ತಿದ್ದರು.

ರಾತ್ರಿಪಾಳಿ: ನಮ್ಮ ಡೆಸ್ಕಿಗೆ ಮೊಬೈಲ್ ಕೊಟ್ಟೇ ಇರಲಿಲ್ಲ. ಕೇಳಿ ಕೇಳಿ ಸಾಕಾಗಿ ನನ್ನ ಹಳೇ ಫೋನನ್ನೇ ತಂದಿಟ್ಟೆ. ಕೆಲಸ ಬಿಡುವಾಗಲೂ ವಾಪಸ್ ತರಲಿಲ್ಲ. ಅಲ್ಲೇ ಇರಲಿ ಅಂತ ಬಿಟ್ಟು ಬಂದೆ.