ಸಮ್ಮಿಶ್ರ ಸರ್ಕಾರದ ತಪ್ಪಿಗೆ ಮತದಾರರು ಯಾರನ್ನು ಹೊಣೆ ಮಾಡುತ್ತಾರೆ?

ಗದಗದ ಓದುಗ

2006ರ ಫೆಬ್ರವರಿಯಿಂದ 2007ರ ಅಕ್ಟೋಬರ್‌ವರೆಗೆ ಜೆಡಿಎಸ್ ಮತ್ತು ಬಿಜೆಪಿ ಕೂಡಿಯೇ ರಾಜ್ಯವನ್ನು ಆಳಿದವು. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದರೆ, ಯಡಿಯೂರಪ್ಪನವರು ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆಯನ್ನೂ ಹೊಂದಿದ್ದರು. ಆದರೂ 2008ರ ಚುನಾವಣೆಯಲ್ಲಿ ಬಿಜೆಪಿ 79ರಿಂದ 110 ಸ್ಥಾನಕ್ಕೆ ಏರಿತು, ಜೆಡಿಎಸ್ 58ರಿಂದ 28ಕ್ಕೆ ಕುಸಿಯಿತು. ಒಂದೇ ಸಂಪುಟದಲ್ಲಿ ಕುಳಿತವರಲ್ಲಿ ಒಬ್ಬರಿಗೆ ಬಹುಮಾನ, ಇನ್ನೊಬ್ಬರಿಗೆ ದಂಡ ಏಕೆ? ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರಿಗಷ್ಟೇ ಹೊಣೆ ಹೊರಿಸುವುದು ಮತದಾರರ ರೂಢಿಯೇ?

ಧಾರವಾಡದ ಅಧ್ಯಾಪಕ

ಯಾರು ಏನು ಮಾಡಿದರೆಂಬುದು ಸ್ಪಷ್ಟವಾಗಿ ಕಾಣದಿದ್ದಲ್ಲಿ ಮತದಾರರ ಶಿಕ್ಷೆಯೂ ಮೊಂಡಾಗುತ್ತದೆ ಎಂಬುದನ್ನು ಪಾವೆಲ್ ಮತ್ತು ವಿಟನ್ ಎಂಬ ವಿದ್ವಾಂಸರು 1993ರಲ್ಲೇ ಹಲವು ದೇಶಗಳ ಚುನಾವಣೆಗಳನ್ನು ಹೋಲಿಸಿ ತೋರಿಸಿದ್ದರು. ಸರ್ಕಾರದ ನೇತೃತ್ವ ವಹಿಸಿದ ಪಕ್ಷವೇ ಹೆಚ್ಚು ಪೆಟ್ಟು ತಿನ್ನುತ್ತದೆ ಎಂಬ ಮಾತೂ ಅನಂತರದ ಅಧ್ಯಯನಗಳಲ್ಲಿದೆ. ಆದರೆ ಕುರ್ಚಿಯೊಂದೇ ಕಾರಣವೆಂದರೆ ಬ್ರಿಟನ್ನಿನ ಉದಾಹರಣೆ ಅಡ್ಡ ಬರುತ್ತದೆ. ಅಲ್ಲಿ 2010ರಿಂದ ಐದು ವರ್ಷ ಪ್ರಧಾನಿ ಹುದ್ದೆ ಕನ್ಸರ್ವೇಟಿವ್ ಪಕ್ಷದ್ದಾಗಿತ್ತು. 2015ರಲ್ಲಿ ಆ ಪಕ್ಷ ಸ್ವಂತ ಬಹುಮತ ಪಡೆಯಿತು; ಕಾಲೇಜು ಶುಲ್ಕದ ಏರಿಕೆಯನ್ನು ವಿರೋಧಿಸುವುದಾಗಿ ಮಾತು ಕೊಟ್ಟು, ಸರ್ಕಾರ ಸೇರಿದ ಮೇಲೆ ಅದಕ್ಕೆ ಒಪ್ಪಿದ ಕಿರಿಯ ಪಾಲುದಾರ ಲಿಬರಲ್ ಡೆಮಾಕ್ರಾಟ್ ಪಕ್ಷ ಹಿಂದಿನ 57 ಸ್ಥಾನಗಳಿಂದ 8ಕ್ಕೆ ಇಳಿಯಿತು. 2008ರಲ್ಲಿ ನಮ್ಮ ಭಾಗದಲ್ಲೂ ಬಿಜೆಪಿಯ ಪ್ರಚಾರ ನಿಂತದ್ದು ಆಡಳಿತದ ಮೇಲಲ್ಲ, ಮುಖ್ಯಮಂತ್ರಿ ಸ್ಥಾನವನ್ನು ಬಿಜೆಪಿಗೆ ಬಿಟ್ಟುಕೊಡುವ ಮಾತನ್ನು ಜೆಡಿಎಸ್ ಮುರಿದದ್ದರ ಮೇಲೆ. ವಚನಭ್ರಷ್ಟತೆಗೆ ಒಬ್ಬ ಆರೋಪಿ ಸಿಕ್ಕ ಮೇಲೆ ಇಪ್ಪತ್ತು ತಿಂಗಳ ಜಮಾಖರ್ಚನ್ನು ಯಾರು ಕೇಳುತ್ತಾರೆ?

ಹುಬ್ಬಳ್ಳಿಯಿಂದ

ಸ್ಥಾನಗಳನ್ನಷ್ಟೇ ನೋಡಿ ದಂಡವನ್ನು ಅಳೆಯಬಾರದು, ಸರ್. ಜೆಡಿಎಸ್ ಮತಪ್ರಮಾಣ ಇಳಿದದ್ದು ಸುಮಾರು ಶೇ 21ರಿಂದ 19ಕ್ಕೆ ಮಾತ್ರ. ಬಿಜೆಪಿಗಿಂತ ತುಸು ಹೆಚ್ಚು ಮತ ಪಡೆದ ಕಾಂಗ್ರೆಸ್ಸಿಗೆ ದಕ್ಕಿದ್ದು 80 ಸ್ಥಾನ. ಮೇಲಾಗಿ ಅದು ಕ್ಷೇತ್ರ ಮರುವಿಂಗಡಣೆಯ ನಂತರ ನಡೆದ ಮೊದಲ ಚುನಾವಣೆ. ಮತದಾರರ ಸಿಟ್ಟು ಎಷ್ಟು, ಕ್ಷೇತ್ರಗಳ ಲೆಕ್ಕಾಚಾರ ಎಷ್ಟು ಎಂದು ಬಿಡಿಸದೆ ತೀರ್ಪು ಕೊಡುವುದು ಅವಸರವಾದೀತು.

ಹಿರೇಕೆರೂರಿನಿಂದ

ಮೇಲಿನ ಲೆಕ್ಕ ಸರಿಯೇ. ಆದರೆ ಹಳ್ಳಿಯಲ್ಲಿ ಹೊಣೆ ಹೊರಿಸುವ ಬಗೆ ಬೇರೆ. 2018ರಲ್ಲಿ ಕಾಂಗ್ರೆಸ್-ಜೆಡಿಎಸ್ ಸರ್ಕಾರ ಸಾಲಮನ್ನಾ ಘೋಷಿಸಿದ ಮೇಲೆ ನಮ್ಮೂರ ಸೊಸೈಟಿಯ ಗೋಡೆಗೆ ಪಟ್ಟಿ ಅಂಟಿಸಿದ್ದರು. ಅದರ ಮೇಲೆ ಬೆರಳಾಡಿಸುತ್ತಾ ನಿಂತ ಹಿರಿಯರೊಬ್ಬರು ಕಾರ್ಯದರ್ಶಿಯನ್ನು ಕೇಳಿದ್ದು, "ಮುಖ್ಯಮಂತ್ರಿ ಮನ್ನಾ ಮಾಡ್ಯಾರಂತಲ್ರಿ, ನನ್ನ ಹೆಸರು ಎಲ್ಲೈತಿ?" ಎಂದು. ಕೃಷಿ ಖಾತೆ ಕಾಂಗ್ರೆಸ್ಸಿನ ಪಾಲಿಗಿತ್ತೆಂಬುದು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಆ ಸರ್ಕಾರ ಉರುಳಲು ಕಾರಣರಾದವರಲ್ಲಿ ನಮ್ಮ ಅಂದಿನ ಶಾಸಕ ಬಿ.ಸಿ. ಪಾಟೀಲರೂ ಒಬ್ಬರು. ಕಾಂಗ್ರೆಸ್ ಬಿಟ್ಟ ಅವರನ್ನು 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಇದೇ ಕ್ಷೇತ್ರ ಗೆಲ್ಲಿಸಿತು. ಪಕ್ಷ ಬದಲಿಸಿದ್ದಕ್ಕೆ ದಂಡ ಬೀಳಲಿಲ್ಲ. 2023ರಲ್ಲಿ, ಏಕಪಕ್ಷದ ಸರ್ಕಾರದ ಕೃಷಿ ಸಚಿವರಾಗಿಯೇ ಕಣಕ್ಕಿಳಿದಾಗ ಸೋತರು. ಆಗ ಹೊಣೆಯನ್ನು ಪಕ್ಕಕ್ಕೆ ಸರಿಸಲು ಪಾಲುದಾರ ಪಕ್ಷವೇ ಇರಲಿಲ್ಲ.