ಮಾಳಮಡ್ಡಿಯ ಬಾಡಿಗೆ ಮನೆಗೆ ಕೇಬಲ್ ಸಾಕೇ, ಡಿಶ್ ಹಾಕಿಸಬೇಕೇ?

ಧಾರವಾಡದ ಬಾಡಿಗೆದಾರ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಮಾಳಮಡ್ಡಿಯ ಹಳೆಯ ಹೆಂಚಿನ ಮನೆಯೊಂದಕ್ಕೆ ಬಾಡಿಗೆಗೆ ಹೋಗುತ್ತಿದ್ದೇವೆ. ಟಿ.ವಿ. ಬೇಕಿರುವುದು ಮುಖ್ಯವಾಗಿ ನಮ್ಮ ಅವ್ವನಿಗೆ: ಬೆಳಿಗ್ಗೆ ಚಂದನ, ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿಗಳು. ನನಗೆ ಕ್ರಿಕೆಟ್ ಬಂದರೆ ಸಾಕು. ಹಿಂದಿನ ಮನೆಯಲ್ಲಿ ಕೇಬಲ್ ಇತ್ತು. ಓಣಿಯಲ್ಲಿ ಕರೆಂಟು ಹೋದಾಗ ನಮ್ಮ ಇನ್ವರ್ಟರ್‌ನಿಂದ ಟಿ.ವಿ. ಹತ್ತಿಕೊಂಡರೂ ಪರದೆಯ ಮೇಲೆ "ಸಿಗ್ನಲ್ ಇಲ್ಲ" ಎಂಬ ಬರಹ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಡಿಶ್ ಹಾಕಿಸೋಣವೆಂದರೆ, ಮಳೆ ಬಂದರೆ ಅದೂ ನಿಲ್ಲುತ್ತದೆಂದು ನೆರೆಯವರು ಹೆದರಿಸುತ್ತಾರೆ. ಖರ್ಚಿನಲ್ಲಿ ಯಾವುದು ಹಗುರ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕೇಶ್ವಾಪುರದ ಹಳೆಯ ಟಿ.ವಿ. ರಿಪೇರಿಯವ:
ದರದ ಮಾತು ಆಮೇಲೆ ಆಡೋಣ. ಮೊದಲು ಆ ಮನೆಯ ಅಂಗಳದಲ್ಲಿ ನಿಂತು ಆಗ್ನೇಯ ದಿಕ್ಕಿಗೆ ನೋಡಿರಿ. ಡಿಶ್ ನೋಡುವ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ, ಮತ್ತು ನಮ್ಮಲ್ಲಿ ಬಳಕೆಯಲ್ಲಿರುವವು ಧಾರವಾಡಕ್ಕಿಂತ ಪೂರ್ವದ ರೇಖಾಂಶಗಳಲ್ಲಿರುವುದರಿಂದ ಇಲ್ಲಿಯ ಡಿಶ್‌ಗಳೆಲ್ಲ ಹೆಚ್ಚುಕಡಿಮೆ ಆಗ್ನೇಯಕ್ಕೇ ಮುಖ ಮಾಡಿರುತ್ತವೆ. ಆ ಕಡೆ ಮಾವಿನ ಮರವೋ ಮೂರು ಮಹಡಿಯ ಕಟ್ಟಡವೋ ಅಡ್ಡ ಬಂದರೆ ಯಾವ ಕಂಪನಿಯದೂ ನಡೆಯದು.

ಮಳೆಯ ವಿಷಯದಲ್ಲಿ ನಿಮ್ಮ ನೆರೆಯವರು ಹೇಳಿದ್ದು ಅರ್ಧ ನಿಜ. ಡಿಶ್ ಬಳಸುವ ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಗಳನ್ನು ದಪ್ಪ ಹನಿಗಳ ಜೋರು ಮಳೆ ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ಹೀಗಾಗಿ ಜುಲೈ ತಿಂಗಳ ದಿನವಿಡೀ ಹಿಡಿದ ಜಿಟಿಜಿಟಿ ಮಳೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮೇ ತಿಂಗಳ ಗುಡುಗಿನ ಮಳೆಗೆ ಮಾತ್ರ ಹತ್ತಿಪ್ಪತ್ತು ನಿಮಿಷ ಚಿತ್ರ ಒಡೆಯುತ್ತದೆ. ಸಣ್ಣ ಮಳೆಗೂ ನಿಲ್ಲುತ್ತಿದ್ದರೆ ದೋಷ ಮಳೆಯದಲ್ಲ. ಡಿಶ್ ಸರಿಯಾಗಿ ಕೂಡಿಸಿಲ್ಲ, ಇಲ್ಲವೇ ಕನೆಕ್ಟರ್‌ನೊಳಗೆ ನೀರು ಹೊಕ್ಕಿದೆ.

ಬೆಟಗೇರಿಯಿಂದ:
ಮೇಲಿನವರ ಮಾತಿಗೆ ನಮ್ಮ ಗದಗಿನ ಗಾಳಿಯನ್ನೂ ಸೇರಿಸುತ್ತೇನೆ. ಮಾಳಿಗೆಯ ಮೇಲೆ ನಮ್ಮ ಡಿಶ್‌ನ ಕಾಲಿಗೆ ಬೋಲ್ಟ್ ಹಾಕದೆ ಎರಡು ಕಲ್ಲು ಹೇರಿ ಹೋಗಿದ್ದರು. ಆಷಾಢದ ಗಾಳಿಗೆ ಅದು ಬೆರಳಿನಷ್ಟು ತಿರುಗಿತ್ತು, ಕಣ್ಣಿಗೆ ಕಾಣುತ್ತಿರಲೇ ಇಲ್ಲ. ಆದರೂ ನಾಲ್ಕು ದಿನ ಚಿತ್ರವಿಲ್ಲ. ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಕೊರೆಯಲು ಮಾಲೀಕರನ್ನು ಮೊದಲೇ ಕೇಳಿಕೊಳ್ಳಿರಿ. ಹೆಂಚಿನ ಮೇಲಂತೂ ಕೂಡಿಸಲು ಬಿಡಬೇಡಿರಿ.

ಲೆಕ್ಕದವ, ವಿದ್ಯಾನಗರ:
ಖರ್ಚಿನಲ್ಲಿ ಜನ ತಿಳಿದಷ್ಟು ಅಂತರವಿಲ್ಲ. ಟಿ.ವಿ. ಸೇವೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಟ್ರಾಯ್‌ನ ಹೊಸ ದರ ಪದ್ಧತಿ 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಮೇಲೆ ಪ್ರತಿ ಪೇ ಚಾನೆಲ್‌ಗೆ, ಅಂದರೆ ದುಡ್ಡು ಕೊಟ್ಟು ನೋಡುವ ಚಾನೆಲ್‌ಗೆ, ಅದರ ಪ್ರಸಾರಕರೇ ಗರಿಷ್ಠ ದರ ಘೋಷಿಸುತ್ತಾರೆ. ಕೇಬಲ್ ಇರಲಿ, ಡಿಶ್ ಇರಲಿ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ವ್ಯತ್ಯಾಸ ಬರುವುದು ಸಂಪರ್ಕದ ಮೂಲ ಶುಲ್ಕದಲ್ಲಿ. ಮೊದಲು ಆ ಶುಲ್ಕಕ್ಕೆ ತಿಂಗಳಿಗೆ 130 ರೂಪಾಯಿಯ ಮಿತಿಯಿತ್ತು, ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. 2024ರ ಜುಲೈನಲ್ಲಿ ಆ ಮಿತಿಯನ್ನು ತೆಗೆದುಹಾಕಿರುವುದರಿಂದ ಈಗ ಇಬ್ಬರನ್ನೂ ಕೇಳಿಯೇ ಹೋಲಿಸಬೇಕು. ಅವರು ಮುಂದಿಡುವ ದೊಡ್ಡ ಪ್ಯಾಕೇಜನ್ನು ಒಪ್ಪದೆ, ಅವ್ವ ನೋಡುವ ನಾಲ್ಕೈದು ಕನ್ನಡ ಚಾನೆಲ್‌ಗಳನ್ನು ಬಿಡಿಯಾಗಿ ಆಯ್ದುಕೊಂಡು ಲೆಕ್ಕ ಹಾಕಿರಿ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಶುಲ್ಕವೇ ಇಲ್ಲ, ಚಂದನವೂ ಬರುತ್ತದೆ. ಧಾರಾವಾಹಿಯವರಿಗೆ ಅಷ್ಟು ಸಾಲದು.

ಧಾರವಾಡದ ಬಾಡಿಗೆದಾರ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹೋಗಿ ನೋಡಿದೆ. ಆಗ್ನೇಯಕ್ಕೆ ಮಾಲೀಕರ ಹುಣಸೆ ಮರವೇ ಇದೆ, ಕಡಿಯುವ ಮಾತೆತ್ತುವ ಧೈರ್ಯ ನನಗಿಲ್ಲ. ಹಾಗಾಗಿ ಕೇಬಲ್ ಎಂದೇ ಆಯಿತು, ಆದರೆ ಕರೆಂಟಿನ ಚಿಂತೆ ಉಳಿದಿದೆ.

ಕೇಶ್ವಾಪುರದ ಹಳೆಯ ಟಿ.ವಿ. ರಿಪೇರಿಯವ:
ಹಾಗಿದ್ದರೆ ಕೇಬಲ್‌ನವರಿಗೆ ಒಂದೇ ಪ್ರಶ್ನೆ ಹಾಕಿರಿ: ಫೈಬರ್ (ಬೆಳಕಿನ ರೂಪದಲ್ಲಿ ಸಿಗ್ನಲ್ ಒಯ್ಯುವ ಗಾಜಿನ ಎಳೆ) ಮನೆಯವರೆಗೆ ಬರುತ್ತದೆಯೋ, ಕಂಬದವರೆಗೆ ಬಂದು ಅಲ್ಲಿಂದ ಲೋಹದ ಕರಿ ವೈರೋ? ಕರಿ ವೈರಾದರೆ ದಾರಿಯಲ್ಲಿ ಸಿಗ್ನಲ್‌ಗೆ ಬಲ ಕೊಡುವ ಬೂಸ್ಟರ್ ಇರುತ್ತದೆ, ಅದಕ್ಕೆ ಕರೆಂಟು ಬೇಕು. ನಿಮ್ಮ ಹಿಂದಿನ ಮನೆಯಲ್ಲಿ ಕೈ ಕೊಟ್ಟಿದ್ದು ಬಹುಶಃ ಅದೇ. ಫೈಬರ್ ಮನೆಯೊಳಗೇ ಬಂದರೆ ನಡುವೆ ಸಾಮಾನ್ಯವಾಗಿ ವಿದ್ಯುತ್ತಿನ ಹಂಗಿರುವುದಿಲ್ಲ, ಅವರ ಕಚೇರಿಯಲ್ಲಿ ಬ್ಯಾಟರಿ, ನಿಮ್ಮಲ್ಲಿ ಇನ್ವರ್ಟರ್ ಇದ್ದರಾಯಿತು. ಕರಿ ವೈರೇ ಎಂದರೆ ಬೂಸ್ಟರ್‌ಗೆ ಬ್ಯಾಟರಿ ಇಟ್ಟಿದ್ದಾರೆಯೇ ಎಂದು ಕೇಳಿ, ಆಮೇಲೆ ಮುಂಗಡ ಕೊಡಿರಿ.